ಹೊಲಿಗೆಯ ಫೋಟೋ ಕೇಳಿದ್ದೇ ತಪ್ಪಾಯ್ತಾ?

ಸೆಕೆಂಡ್ ಹ್ಯಾಂಡ್ ಡಿಸೈನರ್ ಬ್ಯಾಗ್ ಕೊಳ್ಳೋಣ ಅಂತ ಹೊರಟೆ, ಸಾಕಾಯಿತು. ಅಸಲಿಯೋ ನಕಲಿಯೋ ನೋಡೋಣ ಅಂತ ಒಳಗಿನ ಹೊಲಿಗೆ, ಜಿಪ್ಪಿನ ಹಿಂಭಾಗದ ಫೋಟೋ ಕೇಳಿದರೆ ಮಾರುವವರಿಗೆ ಸಿಟ್ಟು. ‘ಡೇಟ್ ಕೋಡ್ ಇದೆಯಲ್ಲ, ನಂಬಿಕೆ ಇಲ್ವಾ?’ ಅನ್ನುತ್ತಾರೆ. ಅಲ್ಲಾ ಸ್ವಾಮಿ, ಲೂಯಿ ವಿಟಾನ್ ಕಂಪನಿಯ ಡೇಟ್ ಕೋಡ್ ಅಂದರೆ ಬ್ಯಾಗಿನೊಳಗೆ ಒತ್ತಿದ ಅಕ್ಷರ, ಅಂಕಿಗಳು; ಅದು ಹೇಳುವುದು ಬ್ಯಾಗ್ ತಯಾರಾದ ಜಾಗ, ಸಮಯ ಅಷ್ಟೇ. ನಕಲಿ ಮಾಡುವವನಿಗೆ ನಾಲ್ಕು ಅಂಕಿ ಒತ್ತುವುದು ಕಷ್ಟವೇ? 2021ರಿಂದ ಕಂಪನಿಯೇ ಅದನ್ನು ಬಿಟ್ಟು ಚಿಪ್ ಹಾಕುತ್ತಿದೆ. ಮೊನ್ನೆ ಒಬ್ಬರು ‘2023ರಲ್ಲಿ ತಯಾರಾದದ್ದು’ ಅಂತ ಹೆಮ್ಮೆಯಿಂದ ಡೇಟ್ ಕೋಡ್ ತೋರಿಸಿದರು! ನಗಬೇಕೋ ಅಳಬೇಕೋ.

ಇನ್ನು ಇದೇ ಕಂಪನಿಯ ‘ಸ್ಪೀಡಿ’ ಎಂಬ ಮಾದರಿಯ ಬ್ಯಾಗಿನ ಒಂದು ಬದಿಯಲ್ಲಿ LV ಅಕ್ಷರ ತಲೆಕೆಳಗಾಗಿದ್ದರೆ ಸುಮ್ನೆ ‘ನಕಲಿ, ನಕಲಿ’ ಎಂದು ಕೂಗುವವರು ಬೇರೆ. ಕ್ಯಾನ್ವಾಸಿನ ಒಂದೇ ತುಂಡನ್ನು ಅಡಿಯಿಂದ ಮಡಚಿ ಹೊಲಿದರೆ ಹಾಗೇ ಆಗುತ್ತದೆ, ಅಲ್ವಾ?