ಅದು ಖಾಲಿ ಜಾಗವಾಗಿರಲಿಲ್ಲ, ಅಲ್ಲಿ ನನ್ನ ಲಿನಕ್ಸ್ ಇತ್ತು

ಕೀಬೋರ್ಡ್ ಬದಲಿಸಲೆಂದು ಹುಬ್ಬಳ್ಳಿಯ ಒಂದು ರಿಪೇರಿ ಅಂಗಡಿಗೆ ಕೊಟ್ಟ ನನ್ನ ಲ್ಯಾಪ್‌ಟಾಪು ಹೊಸ ಕೀಬೋರ್ಡಿನ ಜೊತೆಗೆ ನಾನು ಕೇಳದ ಹೊಸ ವಿಂಡೋಸನ್ನೂ ಹೊತ್ತು ಬಂದಿದೆ, ಮತ್ತು ಅದರಲ್ಲಿ ವಿಂಡೋಸಿನ ಜೊತೆಗಿದ್ದ ಇನ್ನೊಂದು ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್ ಪೂರ್ತಿಯಾಗಿ ಅಳಿಸಿಹೋಗಿದೆ. ರಸೀದಿಯಲ್ಲಿ ಬರೆದಿದ್ದ ಕೆಲಸ ಕೀಬೋರ್ಡ್ ಒಂದೇ. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದರೆ, "ಆನ್ ಮಾಡಿದ್ರ ಕರೀ ಸ್ಕ್ರೀನ್ ಬರ್ತಿತ್ರಿ ಸರ್, ಆಮ್ಯಾಲೆ ಪಾಸ್‌ವರ್ಡ್ ಕೇಳ್ತಿತ್ತು, ಅದಕ್ಕ ಫಾರ್ಮ್ಯಾಟ್ ಹೊಡದ್ವಿ. ಒಂದ್ ಪಾರ್ಟಿಶನ್ ಖಾಲಿ ಬಿದ್ದಿತ್ತು, ಅದನ್ನೂ ಸಿ ಡ್ರೈವಿಗೆ ಕೂಡಿಸೇವ್ರಿ" ಎಂಬ ಉತ್ತರ ಬಂತು. ಅದನ್ನು ಅವರು ಹೇಳಿದ್ದು ನನಗೆ ಉಪಕಾರ ಮಾಡಿದ ಧಾಟಿಯಲ್ಲಿ.

ಆ ಕರಿ ಪರದೆ ರೋಗವಲ್ಲ, ವೈರಸ್ಸೂ ಅಲ್ಲ. ಒಂದೇ ಯಂತ್ರದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳಿದ್ದಾಗ ಯಾವುದನ್ನು ತೆರೆಯಬೇಕೆಂದು ಕೇಳುವ ಗ್ರಬ್ ಎಂಬ ಪಟ್ಟಿ ಅದು. ಅದರಲ್ಲಿ ಉಬುಂಟು, ಅಂದರೆ ನನ್ನ ಲಿನಕ್ಸ್, ಮೇಲಿತ್ತು, ವಿಂಡೋಸ್ ಬೂಟ್ ಮ್ಯಾನೇಜರ್ ಕೆಳಗಿತ್ತು. ತಾವೇ ಕೂರಿಸಿದ ಹೊಸ ಕೀಬೋರ್ಡಿನ ಕೆಳಬಾಣದ ಕೀಲಿಯನ್ನು ಒತ್ತಿ ನೋಡಿದ್ದರೆ ವಿಂಡೋಸ್ ತೆರೆಯುತ್ತಿತ್ತು, ಕೀಲಿ ಕೆಲಸ ಮಾಡುತ್ತಿದೆಯೆಂಬ ಪರೀಕ್ಷೆಯೂ ಅಲ್ಲೇ ಮುಗಿಯುತ್ತಿತ್ತು. ಅದೂ ತಿಳಿಯದಿದ್ದರೆ ರಸೀದಿಯಲ್ಲಿ ನನ್ನ ಮೊಬೈಲ್ ಸಂಖ್ಯೆ ಇತ್ತು. ಒಂದು ಕರೆ ಮಾಡುವುದಕ್ಕಿಂತ ಇನ್ನೊಬ್ಬರ ಡಿಸ್ಕನ್ನು ಅಳಿಸುವುದೇ ಸುಲಭವೆಂದು ಅವರಿಗೆ ಹೇಗೆ ಅನ್ನಿಸಿತೋ, ಇಂದಿಗೂ ನನಗೆ ಅರ್ಥವಾಗಿಲ್ಲ.

ಖಾಲಿ ಎಂಬ ಮಾತು ಎಲ್ಲಿಂದ ಹುಟ್ಟಿತು ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿದೆ. ಲಿನಕ್ಸ್ ಬಳಸುವ ಎಕ್ಸ್ಟ್4 ಕಡತ ವ್ಯವಸ್ಥೆಯನ್ನು, ಅಂದರೆ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಅದರ ಕ್ರಮವನ್ನು, ವಿಂಡೋಸ್ ತಾನಾಗಿ ಓದಲಾರದು. ಓದಲಾಗುತ್ತಿಲ್ಲ ಎಂದು ನೇರವಾಗಿ ಹೇಳುವ ಬದಲು ಅದರ ಡಿಸ್ಕ್ ಮ್ಯಾನೇಜ್‌ಮೆಂಟ್ ಕಿಟಕಿಯು ಆ ವಿಭಾಗವನ್ನು (ಪಾರ್ಟಿಶನ್ನನ್ನು) ಹೆಸರಿಲ್ಲದೆ, ಸಿ, ಡಿ ಎಂಬಂಥ ಡ್ರೈವ್ ಅಕ್ಷರವಿಲ್ಲದೆ, ಶೇಕಡಾ 100ರಷ್ಟು ಖಾಲಿ ಎಂದು ತೋರಿಸುತ್ತದೆ. ಅಂಥ ವಿಭಾಗಕ್ಕೆ ಯಾರಾದರೂ ಒಂದು ಡ್ರೈವ್ ಅಕ್ಷರ ಕೊಟ್ಟುಬಿಟ್ಟರೆ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕೆಂಬ ಸಲಹೆಯೂ ಬರುತ್ತದೆ. ತನಗೆ ಅರ್ಥವಾಗದ್ದನ್ನು ಏನೂ ಇಲ್ಲವೆಂದು ಸಾರುವ ಈ ನಡವಳಿಕೆಯನ್ನು ನಾನು ದೊಡ್ಡ ದೋಷವೆಂದೇ ಕರೆಯುತ್ತೇನೆ. ಆದರೆ ರಿಪೇರಿಯನ್ನೇ ಕಸುಬು ಮಾಡಿಕೊಂಡವರು ಆ ಸಾಲನ್ನು ಅನುಮಾನವಿಲ್ಲದೆ ನಂಬಿದರೆ ಅದಕ್ಕೆ ಕ್ಷಮೆಯಿಲ್ಲ. ಡಿಸ್ಕಿನ ಹೆಚ್ಚುಕಡಿಮೆ ಅರ್ಧಭಾಗವನ್ನು ಯಾರಾದರೂ ಕಾರಣವಿಲ್ಲದೆ ಹಾಗೆ ಬಿಟ್ಟಿರುತ್ತಾರೆಯೇ?

ಆ ವಿಭಾಗವನ್ನು ಮಾಡುವುದಕ್ಕೆ ಎಷ್ಟು ತಾಳ್ಮೆ ಬೇಕಾಯಿತೆಂಬುದು ಮಾಡಿದವರಿಗೇ ಗೊತ್ತು. 512 ಜಿಬಿಯ ಎಸ್‌ಎಸ್‌ಡಿ ಡಿಸ್ಕಿನಲ್ಲಿ ಮೊದಲು ಬಿಟ್‌ಲಾಕರ್ ಎಂಬ ವಿಂಡೋಸಿನ ಡಿಸ್ಕ್ ಬೀಗವನ್ನು ತೆಗೆಯಬೇಕು, ಅದರ ರಿಕವರಿ ಕೀಲಿಯನ್ನು ಬೇರೆಡೆ ಬರೆದಿಡಬೇಕು. ಬೇಗ ಆನ್ ಆಗಲೆಂದು ವಿಂಡೋಸ್ ಬಳಸುವ ಫಾಸ್ಟ್ ಸ್ಟಾರ್ಟಪ್ಪನ್ನು ನಿಲ್ಲಿಸಬೇಕು, ಇಲ್ಲವಾದರೆ ವಿಂಡೋಸ್ ಪೂರ್ತಿಯಾಗಿ ಮುಚ್ಚದೆ ಅರೆನಿದ್ದೆಯಲ್ಲಿರುತ್ತದೆ, ಆಗ ಅದರ ಡ್ರೈವನ್ನು ಲಿನಕ್ಸ್ ಓದಲು ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. ಸಿ ಡ್ರೈವನ್ನು ಕುಗ್ಗಿಸಲು ಹೋದರೆ ಎಷ್ಟೇ ಜಾಗ ಉಳಿದಿದ್ದರೂ ಅಲುಗಾಡಿಸಲಾಗದ ಕಡತಗಳ ನೆಪ ಹೇಳಿ ಅದು ಅರ್ಧದಲ್ಲೇ ನಿಲ್ಲುತ್ತದೆ. ಅಂಥ ಕಡತಗಳಾದ ಪೇಜ್‌ಫೈಲ್ ತೆಗೆದು, ಹೈಬರ್ನೇಶನ್ ನಿಲ್ಲಿಸಿ ಮತ್ತೆ ಕುಗ್ಗಿಸಬೇಕು. ಎರಡು ವ್ಯವಸ್ಥೆಗಳ ಗಡಿಯಾರದ ನಡುವೆ ಬರುವ ಐದೂವರೆ ಗಂಟೆಯ ಅಂತರವನ್ನೂ ಸರಿಪಡಿಸಬೇಕು. ಇಷ್ಟೆಲ್ಲ ಆದ ಮೇಲೆ ನಿಂತ ವ್ಯವಸ್ಥೆ ಅದು, ಮತ್ತು ಹಳೆಯ ಕನ್ನಡ ಮುದ್ರಣಗಳ ಪುಟಗಳ ಚಿತ್ರಗಳನ್ನು ಅಕ್ಷರಕ್ಕಿಳಿಸುವ ಟೆಸರಾಕ್ಟ್ ತಂತ್ರಾಂಶದಿಂದ ಓದಿಸಿ ತಿದ್ದುವ ನನ್ನ ಕೆಲಸ ನಡೆಯುತ್ತಿದ್ದದ್ದೂ ಅದರಲ್ಲೇ.

ಪುಟಗಳ ನಕಲು ಹೊರಗಿನ ಡಿಸ್ಕಿನಲ್ಲಿದೆ, ಆದ್ದರಿಂದ ಬ್ಯಾಕಪ್ ಇಡಬೇಕಿತ್ತೆಂಬ ಉಪದೇಶ ನನಗೆ ಬೇಡ. ಹೋದದ್ದು ಇತ್ತೀಚಿನ ತಿದ್ದುಪಡಿಗಳು ಮತ್ತು ನನ್ನ ಕೈಗೆ ಒಗ್ಗಿದ ಇಡೀ ವ್ಯವಸ್ಥೆ. ವಿಭಾಗವನ್ನು ಅಳಿಸಿ ಅಲ್ಲಿಗೇ ಬಿಟ್ಟಿದ್ದರೂ ಕಳೆದ ವಿಭಾಗಗಳನ್ನು ಹುಡುಕುವ ಟೆಸ್ಟ್‌ಡಿಸ್ಕ್ ತಂತ್ರಾಂಶದಿಂದ ಅದನ್ನು ಹುಡುಕಿ ತರುವ ಸಾಧ್ಯತೆ ಇತ್ತು. ಅವರು ಅದನ್ನು ಸಿ ಡ್ರೈವಿಗೆ ಸೇರಿಸಿ, ಮೇಲೆ ಒಂದಿಷ್ಟು ತಂತ್ರಾಂಶ ತುಂಬಿಸಿ ಕೊಟ್ಟಿದ್ದಾರೆ. ಖಾಲಿ ಜಾಗದಲ್ಲಿ ಉಳಿದದ್ದು ಇನ್ನು ಬೇಡವೆಂದು ವಿಂಡೋಸ್ ಕಳಿಸುವ ಟ್ರಿಮ್ ಆದೇಶ ಎಸ್‌ಎಸ್‌ಡಿಯನ್ನು ತಲುಪಿದ ಮೇಲೆ ಅಲ್ಲಿ ಹುಡುಕಲು ಏನೂ ಉಳಿದಿರುವುದಿಲ್ಲ.

ಎರಡನೆಯ ವ್ಯವಸ್ಥೆಯನ್ನು ಲೆಕ್ಕಕ್ಕೇ ಹಿಡಿಯದ ಈ ಚಾಳಿ ಅಂಗಡಿಗಳಿಗೆ ಮಾತ್ರ ಸೀಮಿತವಲ್ಲ. 2024ರ ಆಗಸ್ಟಿನಲ್ಲಿ ಬಂದ ವಿಂಡೋಸಿನ ಭದ್ರತಾ ಅಪ್‌ಡೇಟು ಡ್ಯುಯಲ್ ಬೂಟ್ ಯಂತ್ರಗಳಿಗೆ, ಅಂದರೆ ಹೀಗೆ ಎರಡು ವ್ಯವಸ್ಥೆಗಳಿರುವ ಯಂತ್ರಗಳಿಗೆ, ತಾಗುವುದಿಲ್ಲವೆಂದು ಹೇಳಲಾಗಿತ್ತು; ತಾಗಿತು, ಎಷ್ಟೋ ಜನರ ಲಿನಕ್ಸ್ ಬೂಟ್ ಆಗುವುದನ್ನೇ ನಿಲ್ಲಿಸಿತು, ಪೂರ್ಣ ಪರಿಹಾರ ಬಂದದ್ದು 2025ರ ಮೇ ತಿಂಗಳಲ್ಲಿ.

ಆದರೆ ನನ್ನ ಸಿಟ್ಟು ನಮ್ಮ ಊರಿನ ಮೇಲೆ ಹೆಚ್ಚು. ಧಾರವಾಡದಲ್ಲಿ ಐಐಟಿ ಇದೆ, ಐಐಐಟಿ ಇದೆ, ವಿದ್ಯಾನಗರದಿಂದ ಧವಳಗಿರಿಯವರೆಗೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಆ ಹುಡುಗ ಹುಡುಗಿಯರ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಡ್ಯುಯಲ್ ಬೂಟ್ ಆಗಿರುತ್ತವೆ, ಅವು ಕೆಟ್ಟಾಗ ಬರುವುದು ಇದೇ ಅಂಗಡಿಗಳಿಗೆ. ಇಂಥ ಅವಳಿ ನಗರದಲ್ಲಿ ಗ್ರಬ್ ಪಟ್ಟಿಯನ್ನು ಗುರುತಿಸಲಾಗದವರ ಕೈಗೆ ಪ್ರಾಜೆಕ್ಟು, ಪ್ರಬಂಧಗಳಿರುವ ಡಿಸ್ಕುಗಳು ಹೋಗುತ್ತಿವೆ. ಯಂತ್ರ ಒಳಗೆ ತೆಗೆದುಕೊಳ್ಳುವಾಗ ಎಷ್ಟು ವ್ಯವಸ್ಥೆಗಳಿವೆ, ಡಿಸ್ಕನ್ನು ಮುಟ್ಟಲು ಒಪ್ಪಿಗೆ ಇದೆಯೇ ಎಂದು ಕೇಳಿ ರಸೀದಿಯಲ್ಲಿ ಬರೆದು ಸಹಿ ಪಡೆಯಲು ಅವರಿಗೆ ಹೊಸ ಉಪಕರಣವೇನೂ ಬೇಕಾಗಿಲ್ಲ.

ಬಿಲ್ಲಿನಲ್ಲಿ ಕೀಬೋರ್ಡಿನ ಕೆಳಗೆ ವಿಂಡೋಸ್ ಹಾಕಿದ್ದಕ್ಕೂ ಹಣ ಸೇರಿಸಿದ್ದರು. ಕೀಬೋರ್ಡಿನದ್ದನ್ನು ಕೊಟ್ಟಿದ್ದೇನೆ. ಇನ್ನೊಂದನ್ನು ಕೊಟ್ಟಿಲ್ಲ, ಕೊಡುವುದೂ ಇಲ್ಲ. ಯಾರ ಒಪ್ಪಿಗೆಯಿಂದ ಆ ವಿಭಾಗವನ್ನು ಅಳಿಸಿದಿರಿ ಎಂಬುದಕ್ಕೆ ಲಿಖಿತ ಉತ್ತರ ಕೇಳಿದ್ದೇನೆ.