ದ್ವಾದಶಿಯೇ ಬಾರದ ಏಕಾದಶಿ

ನನ್ನ ಪರ್ಸಿನಲ್ಲಿ ಒಂದು ಚೀಟಿ ಇದೆ. ಡಾಕ್ಟರು ಬರೆದುಕೊಟ್ಟಿದ್ದು. ಮಾತ್ರೆಗಳ ಹೆಸರು ಇರಬೇಕಾದ ಜಾಗದಲ್ಲಿ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರದಲ್ಲಿ ಹೀಗಿದೆ: ‘ಬೆಳಗ್ಗೆ ಇಡ್ಲಿ 4, ಚಟ್ನಿ, ಒಂದು ಲೋಟ ಹಾಲು. 11ಕ್ಕೆ ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿ ಬೀಜ. ಮಧ್ಯಾಹ್ನ ಮುದ್ದೆ, ಅನ್ನ, ಸಾರು, ಪಲ್ಯ, ಮೊಸರು. ಸಂಜೆ ಏನಾದರೂ. ರಾತ್ರಿ ಮತ್ತೆ ಊಟ.’ ಕೆಳಗೆ ಸಹಿ, ಸೀಲು. ಬೆಂಗಳೂರಿನಲ್ಲಿ ಈಗ ಹೊಟ್ಟೆ ತುಂಬ ಊಟ ಮಾಡಬೇಕಾದರೆ ಇಷ್ಟಾದರೂ ದಾಖಲೆ ಬೇಕು.

ಕಥೆ ಶುರುವಾಗಿದ್ದು ಆಫೀಸಿನಲ್ಲಿ. ‘ವೆಲ್‌ನೆಸ್ ಚಾಲೆಂಜ್’ ಅಂತ ಒಂದು ಮೇಲ್ ಬಂತು. ಮೂರು ತಿಂಗಳಲ್ಲಿ ಯಾರು ಜಾಸ್ತಿ ತೂಕ ಇಳಿಸುತ್ತಾರೋ ಅವರಿಗೆ ಬಹುಮಾನ. ಏನು ಬಹುಮಾನ? ಸ್ಟಾರ್ ಹೋಟೆಲಿನಲ್ಲಿ ಇಬ್ಬರಿಗೆ ಬಫೆ ಊಟ. ಇದನ್ನು ಓದಿ ಆಫೀಸಿನಲ್ಲಿ ಒಬ್ಬರೂ ನಗಲಿಲ್ಲ. ನಾನೂ ನಗಲಿಲ್ಲ. ಹೆಸರು ಕೊಟ್ಟೆ.

ಜೊತೆಗೆ ಒಂದು ಆ್ಯಪ್. ತಿಂಗಳಿಗೆ 999 ರೂಪಾಯಿ. ಎತ್ತರ, ತೂಕ, ವಯಸ್ಸು ಕೇಳಿತು. ಅರ್ಧ ನಿಮಿಷ ಯೋಚನೆ ಮಾಡಿದ ಹಾಗೆ ನಟಿಸಿ, ‘ನಿಮಗೆ ದಿನಕ್ಕೆ 1,200 ಕ್ಯಾಲೊರಿ ಸಾಕು’ ಅಂದಿತು. ಪಕ್ಕದ ಸೀಟಿನವರಿಗೂ 1,200. ಅವರು ನನಗಿಂತ ಒಂದು ಅಡಿ ಎತ್ತರ. ಆ್ಯಪ್‌ಗೆ ಭೇದಭಾವ ಇಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು 2020ರಲ್ಲಿ ಹಾಕಿದ ಲೆಕ್ಕವನ್ನು ನಾನು ನೋಡಿದ್ದು ಆಮೇಲೆ. 55 ಕೆಜಿ ತೂಕದ, ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ ಸುಮಾರು 1,660 ಕ್ಯಾಲೊರಿ ಬೇಕಂತೆ. ನಾಲ್ಕರಿಂದ ಆರು ವರ್ಷದ ಮಗುವಿಗೆ 1,360. ಅಂದರೆ ನಾನು ಯುಕೆಜಿ ಮಗುವಿಗಿಂತ ಕಡಿಮೆ ತಿನ್ನಬೇಕಿತ್ತು. ಆ ಮಗು ಇಎಂಐ ಕಟ್ಟಲ್ಲ, ಬೆಳಗ್ಗೆ ಸಂಜೆ ಸಿಲ್ಕ್ ಬೋರ್ಡ್ ದಾಟಲ್ಲ, ಮಧ್ಯಾಹ್ನ ಮಲಗಲು ಅದಕ್ಕೆ ಚಾಪೆ ಬೇರೆ ಹಾಸಿಕೊಡುತ್ತಾರೆ.

ಇದರ ಮೇಲೆ ‘ಈಟಿಂಗ್ ವಿಂಡೋ’. 16 ಗಂಟೆ ಉಪವಾಸ, 8 ಗಂಟೆ ಕಿಟಕಿ. ಕಿಟಕಿ ಮಧ್ಯಾಹ್ನ ಒಂದಕ್ಕೆ ತೆರೆಯುತ್ತದೆ, ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. ನಮ್ಮ ಮೀಟಿಂಗು ಶುರುವಾಗುವುದೂ ಸರಿಯಾಗಿ ಒಂದಕ್ಕೇ.

ನಮ್ಮಜ್ಜಿಯೂ ಉಪವಾಸ ಮಾಡುತ್ತಿದ್ದರು. ತಿಂಗಳಿಗೆ ಎರಡು ಏಕಾದಶಿ. ನೀರೂ ಮುಟ್ಟುತ್ತಿರಲಿಲ್ಲ. ಆದರೆ ಮಾರನೆ ದಿನ ಬೆಳಕು ಹರಿಯುವ ಮೊದಲೇ ಒಲೆ ಉರಿಯುತ್ತಿತ್ತು. ಅಗಸೆ ಸೊಪ್ಪು, ನೆಲ್ಲಿಕಾಯಿ, ಬಿಸಿ ಅನ್ನಕ್ಕೆ ತುಪ್ಪ. ದ್ವಾದಶಿ ಪಾರಣೆ. ಉಪವಾಸಕ್ಕಿಂತ ಊಟದ ಹೊತ್ತು ಮೀರುತ್ತದೆ ಅನ್ನುವುದೇ ಅಜ್ಜಿಗೆ ದೊಡ್ಡ ಗಾಬರಿ. ಪಾರಣೆ ತಪ್ಪಿದರೆ ಏಕಾದಶಿ ಮಾಡಿದ ಫಲವೂ ಹೋಯಿತು ಅನ್ನುತ್ತಿದ್ದರು. ಎಂಟು ವರ್ಷದೊಳಗಿನವರಿಗೆ, ಎಂಬತ್ತು ದಾಟಿದವರಿಗೆ ವಿನಾಯಿತಿಯೂ ಇತ್ತು. ನನ್ನ ಆ್ಯಪ್‌ನಲ್ಲಿ ದಿನಾ ಏಕಾದಶಿ. ದ್ವಾದಶಿ ಎಲ್ಲಿದೆ ಅಂತ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದೆ. ಇರಲಿಲ್ಲ.

ಎರಡನೇ ತಿಂಗಳಿಗೆ ಒಂದೊಂದೇ ಶುರುವಾಯಿತು. ಏಪ್ರಿಲ್ ಬಿಸಿಲಿನಲ್ಲಿ ನಾನು ಸ್ವೆಟರ್ ಹಾಕಿಕೊಂಡು ಕೂತಿದ್ದೆ. ಚಾಲೆಂಜಿನವರ ಗ್ರೂಪಿನಲ್ಲಿ ಕೇಳಿದರೆ ‘ಡಿಟಾಕ್ಸ್ ಮೇಡಂ, ಮೈಯ ವಿಷ ಹೊರಗೆ ಹೋಗ್ತಿದೆ’ ಅಂದರು. ಸ್ನಾನದ ಮನೆಯ ಜಾಲರಿಯಲ್ಲಿ ದಿನಾ ಕೂದಲ ಉಂಡೆ. ಅದೂ ಡಿಟಾಕ್ಸ್. ಒಬ್ಬರು ಕೂದಲಿಗೆ ಅಂತ ಗಮ್ಮಿ ಡಬ್ಬಿ ಕೊಟ್ಟರು. ಅದರಲ್ಲೂ ಕ್ಯಾಲೊರಿ ಇದೆ ಅಂತ ಇನ್ನೊಬ್ಬರು ಎಚ್ಚರಿಸಿದರು. ಕುರ್ಚಿಯಿಂದ ಎದ್ದರೆ ಕಣ್ಣು ಕತ್ತಲೆ. ಐದು ದಿನಕ್ಕೊಮ್ಮೆ ಬಹಿರ್ದೆಸೆ. ಸೊಪ್ಪಿನವನ ಹತ್ತಿರ ಒಂದು ಕಟ್ಟು ಕೊತ್ತಂಬರಿಗೆ ಜಗಳ ಆಡಿ, ಮನೆಗೆ ಬಂದು ಅತ್ತೆ. ಕೈಗಡಿಯಾರ ಮಾತ್ರ ಖುಷಿಯಾಗಿತ್ತು. ನನ್ನ ಎದೆಬಡಿತ 48ಕ್ಕೆ ಇಳಿದಿದೆ, ಕ್ರೀಡಾಪಟುಗಳ ಮಟ್ಟ ಅಂತ ಪದಕ ಕೊಟ್ಟಿತು. ನಾನು ಆಡಿದ ಕೊನೆಯ ಆಟ ಸ್ಕೂಲಿನ ಕುಂಟೆಬಿಲ್ಲೆ.

ಮೂರು ತಿಂಗಳು ಮುಟ್ಟು ಬರಲಿಲ್ಲ. ಇದನ್ನು ಗ್ರೂಪಿನಲ್ಲಿ ಹಾಕಲಿಲ್ಲ. ಹಾಕಿದ್ದರೆ ಅದಕ್ಕೂ ಚಪ್ಪಾಳೆ ಬರುತ್ತಿತ್ತೋ ಏನೋ.

ರಾತ್ರಿಯ ಕಥೆ ಬೇರೆ. ಒಂದೂವರೆಗೆ ಎಚ್ಚರ. ಮೊಬೈಲಿನಲ್ಲಿ ದಾವಣಗೆರೆ ಬೆಣ್ಣೆ ದೋಸೆ ಹುಯ್ಯುವುದನ್ನು ನೋಡುತ್ತಿದ್ದೆ. ಕಾವಲಿ ಮೇಲೆ ಬೆಣ್ಣೆ ಕರಗುವ ಜಾಗ ಬಂದರೆ ಹಿಂದಕ್ಕೆ ಹೋಗಿ ಮತ್ತೆ. ಮದ್ದೂರು ವಡೆಯ ಹಿಟ್ಟು ಕಲಸುವ ಹನ್ನೆರಡು ಬಗೆ ನನಗೆ ಬಾಯಿಪಾಠ. ಮಾಡುವುದೂ ಇಲ್ಲ, ತಿನ್ನುವುದೂ ಇಲ್ಲ. ಹುಚ್ಚು ಹಿಡಿಯಿತೇ ಅಂತ ಭಯವಾಗಿ ಡಾಕ್ಟರ ಹತ್ತಿರ ಹೋದೆ.

ಹಳೇ ಡಾಕ್ಟರು. ಗೋಡೆ ಮೇಲೆ ಇನ್ನೂ ಬಟ್ಟೆಯ ಕ್ಯಾಲೆಂಡರ್. ಎಲ್ಲ ಕೇಳಿ, ‘ಹುಚ್ಚಲ್ಲಮ್ಮ, ಹಸಿವು’ ಅಂದರು. ಆಮೇಲೆ ಅಮೆರಿಕದ ಒಂದು ಪ್ರಯೋಗದ ಕಥೆ ಹೇಳಿದರು. 1945ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಗಟ್ಟಿಮುಟ್ಟಾದ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಹಾಕಿದರು. ಯುದ್ಧ ಮುಗಿದ ಮೇಲೆ ಯುರೋಪಿನ ಹಸಿದ ಜನರಿಗೆ ಹೇಗೆ ಉಣ್ಣಿಸಬೇಕು ಅಂತ ತಿಳಿಯುವುದು ಉದ್ದೇಶ. ಆ ಯುವಕರಿಗೂ ಬೇಸಿಗೆಯಲ್ಲೇ ಚಳಿ. ಎದೆಬಡಿತ ಇಳಿಯಿತು, ಕೂದಲು ಉದುರಿತು, ಸಿಡುಕು ಏರಿತು. ತಟ್ಟೆ ನೆಕ್ಕುತ್ತಿದ್ದರು. ಅಡುಗೆ ಪುಸ್ತಕ ಕೊಂಡುಕೊಂಡು ಕಾದಂಬರಿಯ ಹಾಗೆ ಓದುತ್ತಿದ್ದರು.

‘ಅವರಿಗೆ ದಿನಕ್ಕೆ ಎಷ್ಟು ಕೊಡ್ತಿದ್ರು ಸರ್?’

‘ಸುಮಾರು 1,570 ಕ್ಯಾಲೊರಿ.’

ಅವರೆಲ್ಲ ಗಂಡಸರು, ಮೇಲಾಗಿ ವಾರಕ್ಕೆ 22 ಮೈಲಿ ನಡೆಯಬೇಕಿತ್ತು, ಒಪ್ಪಿದೆ. ಆದರೂ ವಿಜ್ಞಾನಿ ‘ಅರೆಹೊಟ್ಟೆ’ ಅಂತ ಬರೆದುಕೊಂಡಿದ್ದು 1,570ಕ್ಕೆ. ನನ್ನ ಆ್ಯಪ್ ‘ಸ್ವಾಸ್ಥ್ಯ’ ಅಂತ ಹೆಸರಿಟ್ಟಿದ್ದು 1,200ಕ್ಕೆ. ಅಲ್ಲಿ ಪುಕ್ಕಟೆ, ಇಲ್ಲಿ 999.

ರಕ್ತ ಪರೀಕ್ಷೆ ಆಯಿತು. ಹಿಮೋಗ್ಲೋಬಿನ್ 9. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಅಂತ 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆ ಪಟ್ಟಿಗೆ ಪುಕ್ಕಟೆಯಾಗಿ ಸೇರಿದವರೇ ಜಾಸ್ತಿ. ನಾನು ಚಂದಾ ಕಟ್ಟಿ ಸೇರಿಕೊಂಡೆ. ನಮ್ಮನೆಗೆ ಪಾತ್ರೆ ತೊಳೆಯಲು ಬರುವವರಿಗೆ ಈ ವಿಷಯ ಹೇಳಿದೆ. ‘ದುಡ್ಡು ಕೊಟ್ಟು ಉಪವಾಸ ಬೀಳ್ತೀರಾ ಅಕ್ಕಾ?’ ಅಂತ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ, ‘ಮದುವೆ ಆದ ಹೊಸದರಲ್ಲಿ ನಾನೂ ತುಂಬಾ ಸಣ್ಣ ಇದ್ದೆ, ಯಾರೂ ಚೆನ್ನಾಗಿದೀಯ ಅನ್ಲಿಲ್ಲ’ ಅಂದರು. ನಾನು ಫ್ರಿಜ್ ಒರೆಸಲು ಹೋದೆ.

ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದ್ದರು. ‘ತಟ್ಟೆ ಮುಂದೆ ಬಂದರೆ ಹೆದರಿಕೆ ಆಗುತ್ತಾ? ದಪ್ಪ ಆಗಿಬಿಡ್ತೀನಿ ಅಂತ ತುತ್ತು ಒಳಗೇ ಹೋಗಲ್ವಾ?’ ಹಾಗಿದ್ದರೆ ಮನೋವೈದ್ಯರನ್ನೂ ನೋಡಬೇಕಂತೆ, ಅದರಲ್ಲಿ ನಾಚಿಕೆ ಏನಿಲ್ಲವಂತೆ. ದಿನಗಟ್ಟಲೆ ಏನೂ ತಿನ್ನದೆ ಎಲುಬು ಗೂಡಾದವರನ್ನು ಅವರು ನೇರ ಆಸ್ಪತ್ರೆಗೇ ಕಳಿಸುತ್ತಾರೆ. ಅಂಥವರಿಗೆ ಒಮ್ಮೆಲೇ ತುಂಬಾ ತಿನ್ನಿಸಿದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಷಿಯಂ ಕುಸಿದು ಜೀವಕ್ಕೇ ಅಪಾಯ. ನನ್ನ ಕೇಸು ಅಷ್ಟು ದೂರ ಹೋಗಿರಲಿಲ್ಲ. ನನಗೆ ಕಬ್ಬಿಣದ ಮಾತ್ರೆ, ಮತ್ತು ಈ ಚೀಟಿ.

ಚೀಟಿ ಪಾಲಿಸುವುದು ಸುಲಭ ಅಂದುಕೊಂಡಿದ್ದೆ. ಮೊದಲ ವಾರ ಎರಡು ಇಡ್ಲಿಗೇ ಹೊಟ್ಟೆ ಉಬ್ಬರಿಸಿ ಸೀರೆ ಗಂಟು ಸಡಿಲ ಮಾಡಿಕೊಂಡೆ. ಹೊಟ್ಟೆಗೂ ಕೆಲಸ ಮರೆತುಹೋಗಿತ್ತು ಪಾಪ. ಮೂರನೇ ವಾರ ಉಲ್ಟಾ. ಊಟ ಆಗಿ ಕೈ ಒಣಗುವ ಮೊದಲೇ ಮತ್ತೆ ಹಸಿವು. ಗಾಬರಿಯಾಗಿ ಫೋನ್ ಮಾಡಿದೆ. ‘ಬಾಕಿ ವಸೂಲಿ ಮಾಡ್ತಿದೆ, ಕೊಡು’ ಅಂದರು ಡಾಕ್ಟರು. ಆ 36 ಜನರಿಗೂ ಹಾಗೇ ಆಗಿತ್ತಂತೆ. ಚೂರು ಚೂರು ಜಾಸ್ತಿ ಕೊಟ್ಟಾಗ ಸಾಲಲಿಲ್ಲ, ವಿಟಮಿನ್ ಕೊಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ, ತಟ್ಟೆ ತುಂಬಿದ ಮೇಲೇ ಚೇತರಿಕೆ. ಅದೂ ತಿಂಗಳುಗಟ್ಟಲೆ.

ನನ್ನ ಸ್ವೆಟರ್ ಜುಲೈನಲ್ಲಿ ಕಪಾಟು ಸೇರಿತು, ಊರಿಗೆಲ್ಲ ಚಳಿ ಶುರುವಾದಾಗ. ಮುಟ್ಟು ಬಂತು. ಬೆಣ್ಣೆ ದೋಸೆ ನೋಡುವುದು ನಿಂತು ತಿನ್ನುವುದು ಶುರುವಾಯಿತು. ಕೂದಲಿಗೆ ಮಾತ್ರ ಅವಸರವೇ ಇಲ್ಲ.

ಆಫೀಸಿನಲ್ಲಿ ನನ್ನ ಮುಖ ಬೂದಿಯಾಗಿದ್ದಾಗ ‘ಎಷ್ಟು ಗ್ಲೋ ಬಂದಿದೆ ಮೇಡಂ’ ಅಂದವರೇ ಈಗ ‘ಹುಷಾರಿಲ್ವಾ? ದಪ್ಪ ಆಗಿದೀರ’ ಅನ್ನುತ್ತಾರೆ. 11 ಗಂಟೆಗೆ ಬಾಳೆಹಣ್ಣು ಸುಲಿದರೆ ನಾಲ್ಕು ತಲೆ ತಿರುಗುತ್ತವೆ. ಆಗ ಚೀಟಿ ತೆಗೆದು ತೋರಿಸುತ್ತೇನೆ. ಸೀಲು ನೋಡಿದ ತಕ್ಷಣ ಸುಮ್ಮನಾಗುತ್ತಾರೆ. ‘ಅಯ್ಯೋ ಪಾಪ, ಊಟ ಮಾಡ್ಬೇಕಂತೆ’ ಅಂತ ಮರುಗುತ್ತಾರೆ.

ಚಾಲೆಂಜ್ ಗೆದ್ದವರು ನಮ್ಮ ಟೀಮ್ ಲೀಡ್. ಬಫೆಗೆ ಹೋಗಿ ನಿಂಬೆಹಣ್ಣಿನ ನೀರು ಕುಡಿದು, ಸೌತೆಕಾಯಿ ತಿಂದು, ಫೋಟೋ ಹಾಕಿದ್ದರು. ಮೊನ್ನೆ ಲಿಫ್ಟಿನಲ್ಲಿ ನಾವಿಬ್ಬರೇ ಇದ್ದೆವು. ವರ್ಷ ತಿರುಗಿ ಮತ್ತೆ ಮೇ ತಿಂಗಳು, ಅವರ ಮೈಮೇಲೆ ಜಾಕೆಟ್. ಅತ್ತಿತ್ತ ನೋಡಿದರು, ದನಿ ತಗ್ಗಿಸಿದರು.

‘ಮೇಡಂ, ಆ ಚೀಟಿದು ಒಂದು ಜೆರಾಕ್ಸ್ ಸಿಗುತ್ತಾ?’