ಏಳು ದಿನಕ್ಕೂ ಸೂರ್ಯ, ನಮ್ಮ ಅಂಗಳಕ್ಕೆ ಮಾತ್ರ ಮಳೆ

"ಓದೋ ಮಾರಾಯ, ಜೋರಾಗಿ ಓದು, ಎಲ್ಲರಿಗೂ ಕೇಳಲಿ."

ಮಧ್ಯಾಹ್ನದಿಂದ ಈ ಒಂದು ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತಿದೆ. ಅಡಿಕೆ ನೆನೆದಿದ್ದಕ್ಕಿಂತ ಇದೇ ಜಾಸ್ತಿ ಉರಿಯುತ್ತಿದೆ. ಇಲ್ಲ, ಸುಳ್ಳು ಹೇಳಬಾರದು, ಅಡಿಕೆಗೂ ಅಷ್ಟೇ ಉರಿಯುತ್ತಿದೆ.

ಭಾನುವಾರ ನೋಡಿದಾಗ ಮೊಬೈಲಿನ ಹವಾಮಾನ ಆ್ಯಪಿನಲ್ಲಿ ಏಳು ದಿನಕ್ಕೂ ಸಾಲಾಗಿ ಹಳದಿ ಸೂರ್ಯ. 28 ಡಿಗ್ರಿ, ರಾತ್ರಿ 19, ಹಿತವಾದ ಹವೆ. ಬೇಯಿಸಿದ ಅಡಿಕೆಗೆ ಬೇಕಾಗಿದ್ದೂ ಸರಿಯಾಗಿ ಆರೇಳು ಬಿಸಿಲು. ದೊಡ್ಡಪ್ಪ ಮಾತ್ರ ಸ್ವಾತಿ ಮಳೆ ಹುಟ್ಟಿದೆ, ಸ್ವಲ್ಪ ತಡಿ ಅಂದರು. ನಾನು ತಡೆಯಲಿಲ್ಲ. ಪಂಚಾಂಗ ಹಳೇದಾಯ್ತು ದೊಡ್ಡಪ್ಪ, ಇದು ಉಪಗ್ರಹ ನೋಡಿ ಹೇಳೋದು ಅಂತ ಭಾಷಣ ಬೇರೆ ಮಾಡಿದೆ. ಮೂರು ಹಂಡೆ ಬೇಯಿಸಿ ಚಪ್ಪರದ ಮೇಲೆ ಹರಡಿದೆ.

ಇವತ್ತು ಮೂರೂವರೆಗೆ ಗುಡ್ಡದ ಹಿಂದೆ ಗುಡುಗಿತು. ಸುಲಿಯೋಕೆ ಬಂದವರೆಲ್ಲ ಮೆಟ್ಟುಗತ್ತಿ ಬಿಟ್ಟು ಎದ್ದರು. ನಾನು, ಈ ಮಹಾನುಭಾವ, ಕೂತ್ಕೊಳ್ಳಿ ಬರಲ್ಲ ಅಂದೆ. ಹತ್ತು ನಿಮಿಷ ಆಗಿರಲಿಲ್ಲ. ಟಾರ್ಪಾಲಿನ ಒಂದು ಮೂಲೆ ಹಿಡಿದು ಓಡುವಾಗ ಲುಂಗಿ ಕಾಲಿಗೆ ಸುತ್ತಿಕೊಂಡು ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು, ಚೆಲ್ಲಿದ ಜಾಗದಲ್ಲೇ ಬಿದ್ದೆ. ಎದ್ದು ನಿಂತರೆ ಜೇಬಿನಲ್ಲಿ ಮೊಬೈಲ್ ಟಿಣ್ ಅಂತು. ತೆಗೆದೆ. ಯಾಕೆ ತೆಗೆದೆನೋ! ಜಗಲಿಯಲ್ಲಿದ್ದ ದೊಡ್ಡಪ್ಪ ಏನಂತೆ ಅಂದರು. ಏನಿಲ್ಲ ಅಂದೆ. ಆಗಲೇ ಆ ಮಾತು ಹೇಳಿದ್ದು. ಮೂಗಿನ ತುದಿಯಿಂದ ನೀರು ಇಳಿಯುತ್ತಿದೆ, ಮೊಣಕೈ ತನಕ ಕೆಂಪು ಚೊಗರು, ಎಂಟು ಜನ ಹೆಂಗಸರು ನೋಡುತ್ತಿದ್ದಾರೆ, ನಾನು ಶಾಲೆ ಹುಡುಗನ ಹಾಗೆ ಓದಿದೆ: "ಈಗ ಬಿಸಿಲು. ಹೊರಗೆ ಹೋಗಲು ಒಳ್ಳೆಯ ದಿನ." ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ನಕ್ಕರು ನೋಡಿ, ಮಳೆ ಸದ್ದೇ ಕೇಳಿಸಲಿಲ್ಲ.

ಬೆಂಗಳೂರಿನ ಮಗಳಿಗೆ ಫೋನ್ ಮಾಡಿ ಕೂಗಾಡಿದೆ. ಸೂರ್ಯನ ಕೆಳಗೆ ಸಣ್ಣದಾಗಿ 20% ಅಂತ ಇತ್ತಲ್ಲಾ ಅಪ್ಪಾ, ಅಂಥ ಐದು ದಿನದಲ್ಲಿ ಒಂದು ದಿನ ಮಳೆ ಬರಬಹುದು ಅಂತ ಅರ್ಥ ಅಂದಳು. ಅಂದರೆ ಅದು ಹೇಳಿದ್ದು ಸರಿ, ತಪ್ಪು ನಂದು! ಅದೂ ಆ ಲೆಕ್ಕ ಪೇಟೆಯದ್ದಂತೆ. ಪೇಟೆಗೂ ನಮಗೂ ಮಧ್ಯೆ ಒಂದು ಗುಡ್ಡ ಇದೆ. ಈ ಹಿಂಗಾರಿನ ಗುಡುಗು ಮಳೆ ಬೆಳಗ್ಗೆ ಚೆನ್ನಾಗಿ ಬಿಸಿಲು ಕಾದು, ಮಧ್ಯಾಹ್ನ ಮೋಡ ಕಟ್ಟಿ, ಒಂದೂರಿಗೆ ಹೊಯ್ದು ಪಕ್ಕದೂರನ್ನು ಬಿಟ್ಟು ಹೋಗುತ್ತೆ ಅನ್ನೋದು ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಹಾಗಾದರೆ ಆ ಸೂರ್ಯನ ಚಿತ್ರ ಯಾರಿಗೆ? ಯಾರಾದರೂ ಉತ್ತರ ಕೊಡಿ. ಬಣ್ಣ ಹೋಗಿ ಬೂಸ್ಟು ಹಿಡಿದ ಅಡಿಕೆಯನ್ನು ಮಂಡಿಗೆ ಒಯ್ದು 20% ಅಂದರೆ ರೇಟು ಕೊಡ್ತಾರಾ?

ಹೋಗಲಿ ಬಿಡಿ. ಯಾರನ್ನ ಕೇಳೋದು, ಮೋಡಕ್ಕೇನು ನನ್ನ ಭಯವಾ. ಇನ್ನು ಆ ಸೂರ್ಯನ ಮುಖ ನೋಡಲ್ಲ ಅಂದುಕೊಂಡೆ. ಅಷ್ಟಾದ ಮೇಲೂ ನಾಲ್ಕು ಸಲ ನೋಡಿದ್ದಾಯ್ತು.

ಈಗ ರಾತ್ರಿ ಹನ್ನೊಂದು. ಒದ್ದೆ ಅಡಿಕೆಯನ್ನು ಜಗಲಿ ತುಂಬ ಹರಡಿ ಫ್ಯಾನ್ ಹಾಕಿ ಕೂತಿದ್ದೇನೆ. ದೊಡ್ಡಪ್ಪ ನೀರು ಕುಡಿಯೋಕೆ ಎದ್ದು ಬಂದವರು ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು: "ನಾಳೆಗೆ ಏನು ತೋರಿಸ್ತಿದೆಯೋ?"